ಟೊಮೆಟೊ, ಹಾಲು ಮತ್ತು ಗಂಡಸರು ಬಾಯಿಬಿಡದ ಒಂದು ಗ್ರಂಥಿ

(ಕೋಲಾರ ತಾಲ್ಲೂಕಿನ ಒಂದು ಹಳ್ಳಿಯ ಹಾಲಿನ ಡೈರಿಯಲ್ಲಿ, ಭಾನುವಾರ ಬೆಳಿಗ್ಗೆ ಆಡಿದ ಮಾತುಗಳು. ಬರೆದು ಕೊಡಿ ಎಂದು ಕೆಲವರು ಕೇಳಿದ್ದರಿಂದ ಇಲ್ಲಿ ಇಳಿಸಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಾಲು ಹಾಕಿ, ಫ್ಯಾಟು ನೋಡಿಸಿ, ಚೀಟಿ ಜೇಬಿಗಿಟ್ಟುಕೊಂಡು ಮನೆಗೆ ಹೊರಟಿದ್ದವರನ್ನು ನಿಮ್ಮ ಕಾರ್ಯದರ್ಶಿಗಳು ಬಾಗಿಲಲ್ಲೇ ತಡೆದು ಕೂರಿಸಿದ್ದಾರೆ. ವಿಷಯ ಏನು ಅಂತ ನಿನ್ನೆಯೇ ಡಂಗುರ ಸಾರಿದ್ದರೆ ಅರ್ಧ ಜನ ಇವತ್ತು ಹೆಂಡತಿ ಕೈಲಿ ಕ್ಯಾನು ಕೊಟ್ಟು ಕಳಿಸುತ್ತಿದ್ದರೇನೋ. ಅದಕ್ಕೇ ಹೇಳಿಲ್ಲ ಅಂದರು. ಹಿಂದೆ ನಿಂತಿರುವ ಹೆಣ್ಣುಮಕ್ಕಳು ಹೋಗಬೇಡಿ. ಈ ಕಾಯಿಲೆ ಗಂಡಸರದ್ದೇ ಆದರೂ ಗಂಡಸರು ಉಣ್ಣುವುದನ್ನು ಬೇಯಿಸುವವರು ನೀವು, ಆಸ್ಪತ್ರೆಗೆ ದೂಡಿಕೊಂಡು ಬರುವವರೂ ನೀವೇ. ತಾಲ್ಲೂಕು ಆಸ್ಪತ್ರೆಗಳಲ್ಲಿ ಇಷ್ಟು ವರ್ಷ ಕೂತು ನೋಡಿದ್ದೇನೆ: ಉಚ್ಚೆಯ ತೊಂದರೆ ಅಂತ ತಾನಾಗಿ ಬಂದ ಗಂಡಸು ಅಪರೂಪ. ಮಂಡಿನೋವು ಅಂತ ಬರುತ್ತಾನೆ, ಬಿ.ಪಿ. ನೋಡಿಸುತ್ತಾನೆ, ಎದ್ದು ಬಾಗಿಲವರೆಗೆ ಹೋಗಿ ತಿರುಗಿ, "ಇನ್ನೊಂದು ವಿಷಯ ಸಾ..." ಅನ್ನುತ್ತಾನೆ. ಆ ಇನ್ನೊಂದು ವಿಷಯವೇ ಇವತ್ತಿನದು.

ಮೂತ್ರಕೋಶದ ಕೆಳಗೆ, ಉಚ್ಚೆ ಹೊರಗೆ ಬರುವ ನಾಳವನ್ನು ತಬ್ಬಿಕೊಂಡು ಒಂದು ಗ್ರಂಥಿ ಇದೆ. ಪ್ರಾಸ್ಟೇಟ್. ಪ್ರಾಯದಲ್ಲಿ ಸುಮಾರು 20 ಗ್ರಾಂ ತೂಗುತ್ತದೆ, ಒಂದು ದಪ್ಪ ಬೆಟ್ಟದ ನೆಲ್ಲಿಕಾಯಿಯಷ್ಟು. ವೀರ್ಯದ ಒಂದು ಪಾಲು ದ್ರವ ತಯಾರಾಗುವುದು ಅಲ್ಲಿ. ಐವತ್ತು ದಾಟಿದ ಮೇಲೆ ಇದು ಬಹಳ ಜನರಲ್ಲಿ ಊದುತ್ತಾ ಹೋಗುತ್ತದೆ. ಡ್ರಿಪ್ ಪೈಪಿನ ಮೇಲೆ ಯಾರೋ ಕಾಲಿಟ್ಟು ನಿಂತರೆ ಹೇಗೋ ಹಾಗೆ: ಧಾರೆ ಸಣ್ಣಗಾಗುತ್ತದೆ, ನಿಂತು ನಿಂತು ಬರುತ್ತದೆ, ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುತ್ತದೆ. ಈ ಊತ ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಕ್ಯಾನ್ಸರ್ ಅದೇ ಗ್ರಂಥಿಯಲ್ಲಿ ಬರುವ ಬೇರೆ ಕಾಯಿಲೆ, ಶುರುವಿನಲ್ಲಿ ಅದು ಏನೂ ಸದ್ದು ಮಾಡುವುದಿಲ್ಲ. ಬಹುಪಾಲು ನಿಧಾನದ ಜಾತಿ, ಹತ್ತಿಪ್ಪತ್ತು ವರ್ಷ ಇದ್ದಲ್ಲೇ ಇರುವಂಥವು. ಕೆಲವು ಮಾತ್ರ ಓಡುವ ಜಾತಿ, ಬೆನ್ನುಮೂಳೆಗೆ ಇಳಿದ ಮೇಲೆ ಗೊತ್ತಾಗುತ್ತವೆ. ಈ ಎರಡು ಜಾತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಜಗತ್ತಿನಲ್ಲಿ 2022ರಲ್ಲಿ ಸುಮಾರು 14.7 ಲಕ್ಷ ಗಂಡಸರಲ್ಲಿ ಇದು ಹೊಸದಾಗಿ ಪತ್ತೆಯಾಯಿತು. ಗಂಡಸರ ಕ್ಯಾನ್ಸರುಗಳಲ್ಲಿ ಶ್ವಾಸಕೋಶದ್ದು ಬಿಟ್ಟರೆ ಮುಂದಿನದು ಇದೇ. ನಮ್ಮ ದೇಶದಲ್ಲಿ ಲಕ್ಷ ಗಂಡಸರಿಗೆ ವರ್ಷಕ್ಕೆ ಹತ್ತಕ್ಕಿಂತ ಕಡಿಮೆ. ಅಮೆರಿಕದಲ್ಲಿ, ಯುರೋಪಿನ ಉತ್ತರದ ದೇಶಗಳಲ್ಲಿ ಇದರ ಎಷ್ಟೋ ಪಟ್ಟು. ಹಾಗಂತ ಎದೆಯುಬ್ಬಿಸಬೇಡಿ. ನಾವು ಪರೀಕ್ಷೆ ಮಾಡಿಸುವುದೇ ಕಡಿಮೆ, ಹುಡುಕದಿದ್ದರೆ ಸಿಗುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಅಲ್ಲಿನ ಗಂಡಸರ ಪಟ್ಟಿಯಲ್ಲಿ ಪ್ರಾಸ್ಟೇಟ್ ಈಗ ಮುಂದಿನ ಸಾಲಿಗೆ ಬಂದು ಕೂತಿದೆ.

ಊಟದ ಮೇಲೆ ವಿಜ್ಞಾನಿಗಳಿಗೆ ಅನುಮಾನ ಬಂದಿದ್ದು ವಲಸೆ ಹೋದವರಿಂದ. ಜಪಾನಿನಲ್ಲಿ ಈ ಕಾಯಿಲೆ ಬಲು ಕಡಿಮೆ ಇದ್ದ ಕಾಲದಲ್ಲಿ, ಅಲ್ಲಿಂದ ಹವಾಯಿಗೆ, ಕ್ಯಾಲಿಫೋರ್ನಿಯಾಕ್ಕೆ ಹೋಗಿ ನೆಲೆಸಿದ ಜಪಾನೀಯರಲ್ಲಿ ಹೆಚ್ಚಾಗತೊಡಗಿತು. ರಕ್ತ ಅದೇ, ವಂಶ ಅದೇ. ಬದಲಾಗಿದ್ದು ಊರು, ಕೆಲಸ, ತಟ್ಟೆ. ಭಾರತದಿಂದ ಅಲ್ಲಿಗೆ ಹೋದವರಲ್ಲೂ ಇಲ್ಲಿನವರಿಗಿಂತ ಹೆಚ್ಚು. ಹಾಗಾದರೆ ತಟ್ಟೆಯಲ್ಲಿ ಯಾವುದು? ಈ ಪ್ರಶ್ನೆಯ ಹಿಂದೆ ಹೋದವರು ಕೊನೆಗೆ ಬಂದು ನಿಂತ ಎರಡು ಪದಾರ್ಥ ಕೇಳಿದರೆ ನಿಮಗೆ ನಗು ಬರುತ್ತದೆ. ಕಾಪಾಡುತ್ತದೆ ಅಂದಿದ್ದು ಟೊಮೆಟೊ. ಅನುಮಾನ ಬಿದ್ದಿದ್ದು ಹಾಲಿನ ಮೇಲೆ. ಕೋಲಾರ ಜಿಲ್ಲೆ ಬದುಕುತ್ತಿರುವುದೇ ಈ ಎರಡರಿಂದ!

ಟೊಮೆಟೊದಿಂದ ಶುರು ಮಾಡೋಣ. ಅಮೆರಿಕದಲ್ಲಿ ದಂತವೈದ್ಯರು, ಔಷಧ ಅಂಗಡಿಯವರು, ಪಶುವೈದ್ಯರು, ಹೀಗೆ ಆರೋಗ್ಯದ ಕಸುಬಿನ 51 ಸಾವಿರಕ್ಕೂ ಹೆಚ್ಚು ಗಂಡಸರನ್ನು 1986ರಲ್ಲಿ ಸೇರಿಸಿಕೊಂಡು, ಏನು ತಿನ್ನುತ್ತೀರಿ ಅಂತ ಬರೆಸಿಕೊಂಡು, ಯಾರಿಗೆ ಏನು ಕಾಯಿಲೆ ಬರುತ್ತದೆ ಅಂತ ವರ್ಷಗಟ್ಟಲೆ ನೋಡುತ್ತಾ ಬಂದರು. ಹಾರ್ವರ್ಡ್ ವಿಶ್ವವಿದ್ಯಾಲಯದವರ ಕೆಲಸ ಅದು. 1995ರಲ್ಲಿ ಬಂದ ಫಲಿತಾಂಶ: ವಾರಕ್ಕೆ ಹತ್ತು ಸಲಕ್ಕಿಂತ ಹೆಚ್ಚು ಟೊಮೆಟೊ ಪದಾರ್ಥ ತಿನ್ನುವವರಲ್ಲಿ, ಒಂದೂವರೆ ಸಲಕ್ಕಿಂತ ಕಡಿಮೆ ತಿನ್ನುವವರಿಗಿಂತ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 35ರಷ್ಟು ಕಡಿಮೆ. ಪ್ರಪಂಚವೆಲ್ಲ ಸುದ್ದಿಯಾಯಿತು. ಟೊಮೆಟೊದ ಕೆಂಪು ಬಣ್ಣಕ್ಕೆ ಕಾರಣವಾದ ಲೈಕೊಪೀನ್ ಅನ್ನುವ ವಸ್ತುವಿಗೆ ಕಿರೀಟ ಕಟ್ಟಿದರು.

ಅದರಲ್ಲಿ ಒಂದು ವಿಚಿತ್ರ ಇತ್ತು. ಬೇಯಿಸಿದ ಟೊಮೆಟೊ ಸಾಸಿನಲ್ಲಿ ಕಂಡ ಲಾಭ ಟೊಮೆಟೊ ರಸದಲ್ಲಿ ಕಾಣಲಿಲ್ಲ. ಕಾರಣ ನಿಮ್ಮ ಅಡುಗೆಮನೆಯಲ್ಲೇ ಸಿಗುತ್ತದೆ. ಗೊಜ್ಜು ಮಾಡುವಾಗ ಖಾರದ ಪುಡಿ ಇನ್ನೂ ಹಾಕಿರುವುದಿಲ್ಲ, ಹೆಚ್ಚಿದ ಹಣ್ಣು ಎಣ್ಣೆಯಲ್ಲಿ ಕುದ್ದು ಕುದ್ದು ಕರಗುತ್ತಾ ಬರುತ್ತದೆ. ನೀರೆಲ್ಲ ಇಂಗಿದ ಮೇಲೆ ಬಾಣಲೆಯ ಅಂಚಿಗೆ ಎಣ್ಣೆ ಬಿಟ್ಟುಕೊಳ್ಳುತ್ತದಲ್ಲ, ಅದರ ಬಣ್ಣ ನೋಡಿದ್ದೀರಾ? ಹಾಕಿದಾಗ ಹಳದಿ ಇದ್ದ ಕಡಲೆಕಾಯಿ ಎಣ್ಣೆ ಈಗ ಕಿತ್ತಳೆ ಕೆಂಪು. ಲೈಕೊಪೀನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಬೆಂದಾಗ ಹಣ್ಣಿನ ಜೀವಕೋಶದ ಗೋಡೆ ಒಡೆದು ಹೊರಗೆ ಬರುತ್ತದೆ, ಎಣ್ಣೆಯ ಜೊತೆ ಸೇರಿದರೆ ಮೈಗೆ ಹತ್ತುತ್ತದೆ. ಹಸಿ ಹಣ್ಣಿನ ರಸದಲ್ಲಿ ಬಹುಪಾಲು ಬಂದ ದಾರಿಗೆ ಸುಂಕವಿಲ್ಲದೆ ಹೊರಟುಹೋಗುತ್ತದೆ. ಕಲ್ಲಂಗಡಿ, ಪರಂಗಿ, ಒಳಗೆ ಕೆಂಪಿರುವ ಸೀಬೆ, ಇವುಗಳಲ್ಲೂ ಇದು ಇದೆ.

ಇಲ್ಲಿಗೆ ಮಾತು ನಿಲ್ಲಿಸಿ, "ಗೊಜ್ಜು ತಿನ್ನಿ, ಕ್ಯಾನ್ಸರ್ ಓಡಿಸಿ" ಅಂದಿದ್ದರೆ ನೀವು ಚಪ್ಪಾಳೆ ಹೊಡೆಯುತ್ತಿದ್ದಿರಿ, ಮಂಡಿಯವರು ನನಗೆ ಶಾಲು ಹೊದಿಸುತ್ತಿದ್ದರು. ಆದರೆ ಕಥೆ ಮುಂದಿದೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಮುಂದೆ ಅರ್ಜಿ ಹೋಯಿತು, ಟೊಮೆಟೊ ಡಬ್ಬಿಗಳ ಮೇಲೆ ಈ ಮಾತು ಅಚ್ಚು ಹಾಕಿಸಲು ಬಿಡಿ ಅಂತ. ಅವರು ಇದ್ದಬದ್ದ ಅಧ್ಯಯನವನ್ನೆಲ್ಲ ಜಾಲಾಡಿ, 2005ರಲ್ಲಿ, ಟೊಮೆಟೊ ವಿಷಯದಲ್ಲಿ ಸಾಕ್ಷ್ಯ ಬಹಳ ಕಡಿಮೆ, ಅದನ್ನೂ ಹೇಳಿಕೊಂಡೇ ಹಾಕಿ ಅಂದರು. ಲೈಕೊಪೀನ್ ಮಾತ್ರೆಗೆ ಅಷ್ಟನ್ನೂ ಕೊಡಲಿಲ್ಲ. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ 2007ರ ವರದಿಯಲ್ಲಿ ಲೈಕೊಪೀನ್ ಇರುವ ಆಹಾರ "ಬಹುಶಃ ಕಾಪಾಡುತ್ತದೆ" ಎಂದಿತ್ತು. 2014ರಲ್ಲಿ ಹೊಸ ಲೆಕ್ಕ ಸೇರಿಸಿ ನೋಡಿ, ತೀರ್ಮಾನಕ್ಕೆ ಬರುವಷ್ಟು ಸಾಕ್ಷ್ಯ ಇಲ್ಲ ಅಂತ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ಹೇಳಿದ್ದನ್ನು ತಾವೇ ತಿದ್ದಿಕೊಳ್ಳುವ ಜನ ನನಗೆ ಇಷ್ಟ. ಊರಿನ ವಾಟ್ಸಾಪ್ ಗುಂಪಿನಲ್ಲಿ ಮಾತ್ರ 1995 ಇನ್ನೂ ಮುಗಿದಿಲ್ಲ.

ಯಾಕೆ ಹೀಗೆ ಹಿಂದೆ ಮುಂದೆ ಆಗುತ್ತದೆ? ಒಂದು ಸಣ್ಣ ಪ್ರಯೋಗ ಮಾಡೋಣ. ಕಳೆದ ವಾರ ನೀವು ಎಷ್ಟು ಸಲ ಟೊಮೆಟೊ ತಿಂದಿರಿ?

(ಎದುರಿಗೆ ಕೂತಿದ್ದ ಯಜಮಾನರೊಬ್ಬರು: "ಒಂದ್ಸಲಾನೂ ಇಲ್ಲ ಸಾ. ನಂಗೆ ಹಣ್ಣು ತಿಂದ್ರೆ ಹುಳಿತೇಗು." ಹಿಂದಿನಿಂದ ಅವರ ಮನೆಯಾಕೆ: "ದಿನಾ ಸಾರ್ಗೆ ನಾಲ್ಕು ಹಾಕ್ತೀನಲ್ಲ, ಅದ್ಯಾರು ಉಣ್ಣೋದು?" ನಗು.)

ನೋಡಿ, ಇದೇ ತೊಂದರೆ. ಅಮೆರಿಕದವರ ತಟ್ಟೆಯಲ್ಲಿ ಪಿಜ್ಜಾ ಬೇರೆಯಾಗಿ ಕಾಣುತ್ತದೆ, ಎಣಿಸಬಹುದು. ನಮ್ಮಲ್ಲಿ ಟೊಮೆಟೊ ಕಣ್ಣಿಗೆ ಬೀಳದ ಹಾಗೆ ಎಲ್ಲದರಲ್ಲೂ ಕರಗಿ ಕೂತಿರುತ್ತದೆ: ಬಸ್ಸಾರಿನ ಖಾರದಲ್ಲಿ, ಹಿತಕಿದ ಬೇಳೆ ಸಾರಿನಲ್ಲಿ, ಚಟ್ನಿಯಲ್ಲಿ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದಾಗ ಒಂದು ತಿಂಗಳು ಹುಣಸೆಹಣ್ಣಿಗೆ ತಿರುಗಿದ್ದು ಬಿಟ್ಟರೆ, ಆ ಒಂದೂವರೆ ಸಲದ ಕೆಳಗಿನ ಗುಂಪಿಗೆ ಸೇರುವ ಒಬ್ಬನೂ ಕೋಲಾರದಲ್ಲಿ ಸಿಗಲಾರ. ಇನ್ನೊಂದು ತೊಂದರೆ: ತರಕಾರಿ ಹೆಚ್ಚು ತಿನ್ನುವವನು ಬೀಡಿಯನ್ನೂ ಕಡಿಮೆ ಸೇದುತ್ತಾನೆ, ನಾಲ್ಕು ಹೆಜ್ಜೆ ಜಾಸ್ತಿ ನಡೆಯುತ್ತಾನೆ. ಅವನಿಗೆ ಒಳ್ಳೆಯದಾಗಿದ್ದರೆ ಆ ಕೀರ್ತಿ ಟೊಮೆಟೊಗೋ, ಕಾಲಿಗೋ?

ಇದನ್ನು ತೀರ್ಮಾನಿಸಲು ಇರುವ ದಾರಿ ಒಂದೇ, ಚೀಟಿ ಎತ್ತಿ ಜನರನ್ನು ಎರಡು ಗುಂಪು ಮಾಡುವುದು. ಅದನ್ನೂ ಮಾಡಿದರು. ನಿಧಾನದ ಜಾತಿಯ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದು, ಆಪರೇಷನ್ ಇಲ್ಲದೆ ಬರೀ ನಿಗಾದಲ್ಲಿದ್ದ 478 ಗಂಡಸರು. ಒಂದು ಗುಂಪಿಗೆ ಫೋನಿನಲ್ಲಿ ಮತ್ತೆ ಮತ್ತೆ ಹೇಳಿ ಹೇಳಿ, ದಿನಕ್ಕೆ ಏಳು ಪಾಲು ತರಕಾರಿ ತಿನ್ನಿ, ಅದರಲ್ಲಿ ಎರಡು ಪಾಲು ಟೊಮೆಟೊ, ಎರಡು ಪಾಲು ಕೋಸಿನ ಜಾತಿ ಅಂದರು. ಇನ್ನೊಂದು ಗುಂಪಿಗೆ ಒಂದು ಪುಸ್ತಿಕೆ ಕೊಟ್ಟು ಬಿಟ್ಟರು. ಎರಡು ವರ್ಷ ನೋಡಿದರು. ತರಕಾರಿ ಗುಂಪಿನವರು ನಿಜವಾಗಿಯೂ ಹೆಚ್ಚು ತಿಂದರು, ರಕ್ತದಲ್ಲೂ ಅದು ಕಂಡಿತು. ಆದರೆ ಕ್ಯಾನ್ಸರ್ ಮುಂದುವರಿಯುವುದರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. 2020ರಲ್ಲಿ ಪ್ರಕಟವಾಯಿತು.

ಇದು ಬಂದ ಕಾಯಿಲೆಯ ಮಾತು, ಬರದಂತೆ ತಡೆಯುವುದರದ್ದಲ್ಲ. ಎರಡು ವರ್ಷ ಚಿಕ್ಕ ಅವಧಿಯೂ ಹೌದು. ಹಾಗಾಗಿ ಟೊಮೆಟೊ ಕೇಸು ಇನ್ನೂ ಮುಚ್ಚಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಗೊಜ್ಜು ತಿನ್ನಿ, ರುಚಿಗೆ ತಿನ್ನಿ. ಔಷಧಿ ಅಂತ ತಿನ್ನಬೇಡಿ. ಔಷಧಿ ತಗೊಂಡವನು ಡಾಕ್ಟರ ಹತ್ತಿರ ಬರುವುದನ್ನು ಮುಂದೂಡುತ್ತಾನೆ.

ಈಗ ಹಾಲಿಗೆ ಬರುತ್ತೇನೆ. ಈ ಕಟ್ಟಡದಲ್ಲಿ ನಿಂತು ಈ ಮಾತು ಹೇಳುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಕಾರ್ಯದರ್ಶಿಗಳೇ, ಬಾಗಿಲು ತೆಗೆದೇ ಇರಲಿ.

ಹಾಲು, ಮೊಸರು, ಚೀಸು ಹೆಚ್ಚು ಸೇವಿಸುವವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ತುಸು ಹೆಚ್ಚು ಅನ್ನುವುದು ಒಂದಲ್ಲ, ಹಲವು ಅಧ್ಯಯನಗಳಲ್ಲಿ ಕಂಡಿದೆ. ಅವನ್ನೆಲ್ಲ ಒಟ್ಟು ಹಾಕಿ 2015ರಲ್ಲಿ ಮಾಡಿದ ಲೆಕ್ಕದಲ್ಲಿ, ದಿನಕ್ಕೆ ಪ್ರತಿ 400 ಗ್ರಾಂ ಹಾಲಿನ ಪದಾರ್ಥಕ್ಕೆ ಅಪಾಯ ಶೇ. 7ರಷ್ಟು ಏರುತ್ತದೆ ಅಂತ ಬಂತು. ಶೇ. 7 ಅಂದ ಕೂಡಲೇ ನೂರು ಜನ ಹಾಲು ಕುಡಿದರೆ ಏಳು ಜನಕ್ಕೆ ಕ್ಯಾನ್ಸರ್ ಅಂತ ತಿಳಿಯಬೇಡಿ. ಒಂದು ಲಾರಿ ಲೋಡಿನಲ್ಲಿ ಹೇಗಿದ್ದರೂ ನೂರು ಹಣ್ಣು ಕೊಳೆತೇ ಇರುತ್ತವೆ ಅಂದುಕೊಳ್ಳಿ. ಅದು 107 ಆಯಿತು. ಅಷ್ಟೇ. ಇಡೀ ಲೋಡನ್ನು ರಸ್ತೆಗೆ ಸುರಿಯುವಂಥ ವಿಷಯವಲ್ಲ.

ಕಾರಣ ಏನಿರಬಹುದು? ಹಾಲು ಹೆಚ್ಚು ಕುಡಿಯುವವರ ರಕ್ತದಲ್ಲಿ ಐಜಿಎಫ್-1 ಅನ್ನುವ, ಜೀವಕೋಶಗಳನ್ನು ಬೆಳೆಸುವ ಹಾರ್ಮೋನು ಸ್ವಲ್ಪ ಹೆಚ್ಚಿರುತ್ತದೆ. ಆ ಹಾರ್ಮೋನು ಹೆಚ್ಚಿದ್ದವರಲ್ಲಿ ಈ ಕ್ಯಾನ್ಸರೂ ಹೆಚ್ಚು. ಅನುಮಾನಕ್ಕೆ ಇಷ್ಟು ಆಧಾರ ಇದೆ. ಇನ್ನೊಂದು ಕಡೆ, ಆರೋಗ್ಯದ ಕಾಳಜಿಯಿಂದ ದಿನಾ ಹಾಲು ಕುಡಿಯುವ ಪಟ್ಟಣದ ಗಂಡಸು ಅದೇ ಕಾಳಜಿಯಿಂದ ವರ್ಷಕ್ಕೊಮ್ಮೆ ರಕ್ತಪರೀಕ್ಷೆಯನ್ನೂ ಮಾಡಿಸುತ್ತಾನೆ. ನಿಧಾನದ ಜಾತಿಯ ಕ್ಯಾನ್ಸರ್ ಅವನಲ್ಲಿ ಪತ್ತೆಯಾಗುತ್ತದೆ, ಹಾಲು ಕುಡಿಯದ, ಪರೀಕ್ಷೆಯನ್ನೂ ಮಾಡಿಸದ ನಿಮ್ಮಲ್ಲಿ ಪತ್ತೆಯಾಗದೆ ಉಳಿಯುತ್ತದೆ. ಹೀಗಾಗಿ ಆ 2014ರ ವರದಿ ಹಾಲನ್ನು "ಸಾಕ್ಷ್ಯ ಸೀಮಿತ, ಆದರೆ ಸೂಚನೆ ಇದೆ" ಅನ್ನುವ ಖಾನೆಯಲ್ಲಿ ಇಟ್ಟಿತು. ಅದೇ ಸಂಸ್ಥೆ, ಅದೇ ಹಾಲು ದೊಡ್ಡ ಕರುಳಿನ ಕ್ಯಾನ್ಸರನ್ನು ಬಹುಶಃ ಕಡಿಮೆ ಮಾಡುತ್ತದೆ ಅಂತಲೂ ಹೇಳುತ್ತದೆ. ಒಂದೇ ಲೋಟ, ಎರಡು ತೀರ್ಪು.

ನಮ್ಮ ಹಳ್ಳಿಗಳಿಗೆ ಇದು ಎಷ್ಟು ಅನ್ವಯಿಸುತ್ತದೆ ಅಂತ ನಾನು ಮನೆಮನೆ ನೋಡಿದವನು. ಎರಡು ಸೀಮೆಹಸು ಕಟ್ಟಿ, ಹೊತ್ತಿಗೆ ಹತ್ತು ಲೀಟರ್ ಕರೆದು, ಎಲ್ಲ ಡೈರಿಗೆ ಅಳೆದು, ಉಳಿದ ಅರ್ಧ ಲೀಟರಿನಲ್ಲಿ ಆರು ಜನಕ್ಕೆ ಎರಡು ಹೊತ್ತು ಕಾಪಿ. ನಿಮಗೆಲ್ಲಿ ಬಂತು 400 ಗ್ರಾಂ? ಆ ಲೆಕ್ಕ ತಗುಲುವುದು, ಜಿಮ್ಮಿಗೆ ಹೋಗುತ್ತೇನೆ ಅಂತ ಬೆಂಗಳೂರಿನಲ್ಲಿ ದಿನಕ್ಕೆ ಒಂದೂವರೆ ಲೀಟರ್ ಹಾಲು, ಮೇಲೆ ಹಾಲಿನ ಪ್ರೋಟೀನ್ ಪುಡಿ ಸುರಿದುಕೊಳ್ಳುವ ನಿಮ್ಮ ಮಗನಿಗೆ. ಅವನಿಗೂ ನಾನು ಹೇಳುವುದು ಬಿಡು ಅಂತಲ್ಲ, ಒಂದೆರಡು ಲೋಟಕ್ಕೆ ಇಳಿಸು ಅಂತ. ಮನೆಯಲ್ಲಿ ಅಪ್ಪನಿಗೋ ಅಣ್ಣನಿಗೋ ಈ ಕಾಯಿಲೆ ಬಂದಿದ್ದರೆ ಆ ಮಾತನ್ನು ಇನ್ನಷ್ಟು ಒತ್ತಿ ಹೇಳುತ್ತೇನೆ.

("ಡಾಕ್ಟ್ರೇ, ಹಾಲಲ್ಲಿರೋ ಕ್ಯಾಲ್ಸಿಯಂ ಕೆಟ್ಟದ್ದು ಅಂತ ನನ್ ಮಗ ಓದ್ದ. ಹಂಗಾದ್ರೆ ರಾಗೀಲೂ ಅದೇ ಅಲ್ವಾ ಇರೋದು? ಮುದ್ದೆ ಬಿಟ್ರೆ ನಾವ್ ಉಳೀತೀವಾ?")

ಇಷ್ಟು ಹೊತ್ತಿಗೆ ಒಂದು ಒಳ್ಳೆ ಪ್ರಶ್ನೆ ಬಂತು. ಕ್ಯಾಲ್ಸಿಯಂ ಮೇಲೂ ಅನುಮಾನ ಇದೆ, ನಿಜ. ಆದರೆ ಅದು ಗಟ್ಟಿಯಾಗಿ ಕಂಡಿದ್ದು ದಿನಕ್ಕೆ 2,000 ಮಿಲಿಗ್ರಾಂ ದಾಟಿದವರಲ್ಲಿ, ಹಾಲಿನ ಜೊತೆ ಮಾತ್ರೆಯನ್ನೂ ನುಂಗುವಂಥವರಲ್ಲಿ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಇದೆ, ಹಸುವಿನ ಹಾಲಿಗಿಂತ ಎರಡು ಪಟ್ಟಿಗೂ ಮೇಲೆ. ಒಂದು ದಪ್ಪ ಮುದ್ದೆಗೆ 100 ಗ್ರಾಂ ಹಿಟ್ಟು ಅಂದುಕೊಂಡರೂ ಎರಡು ಹೊತ್ತಿಗೆ 700. ಅದರಲ್ಲಿ ಪೂರ್ತಿ ಮೈಗೆ ಹತ್ತುವುದೂ ಇಲ್ಲ, ರಾಗಿಯಲ್ಲೇ ಇರುವ ಫೈಟೇಟ್ ಅಂಶ ಸ್ವಲ್ಪವನ್ನು ಹಿಡಿದುಕೊಳ್ಳುತ್ತದೆ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ದೊಡ್ಡವರಿಗೆ ದಿನಕ್ಕೆ ಬೇಕು ಅನ್ನುವುದೇ 1,000. ಅಮೆರಿಕದಲ್ಲಿ ಅಡ್ವೆಂಟಿಸ್ಟ್ ಅನ್ನುವ ಕ್ರೈಸ್ತ ಪಂಥದವರ ಮೇಲೆ ನಡೆದು 2022ರಲ್ಲಿ ಬಂದ ಅಧ್ಯಯನದಲ್ಲಿ, ಹಾಲು ಹೆಚ್ಚು ಸೇವಿಸಿದವರಲ್ಲಿ ಅಪಾಯ ಏರಿದ್ದು ಕಂಡಿತು, ಹಾಲಿನಿಂದಲ್ಲದೆ ಬೇರೆ ಆಹಾರದಿಂದ ಬಂದ ಕ್ಯಾಲ್ಸಿಯಂನಲ್ಲಿ ಕಾಣಲಿಲ್ಲ. ಮುದ್ದೆಯ ತಂಟೆಗೆ ಯಾರೂ ಬಂದಿಲ್ಲ. ನೀವೇ ಬಿಡುತ್ತಿದ್ದೀರಿ, ಅದು ಬೇರೆ ಮಾತು. ಸೊಸೈಟಿ ಅಕ್ಕಿ ಬಂದ ಮೇಲೆ ರಾತ್ರಿ ಊಟಕ್ಕೆ ಎಷ್ಟು ಮನೆಯಲ್ಲಿ ಕೋಲು ಹಾಕಿ ತೊಳಸುತ್ತೀರಿ, ಕೈ ಎತ್ತಿ ನೋಡೋಣ. ...ಇಷ್ಟೇನಾ?

ಇನ್ನು ಡಬ್ಬಿಗಳು. ಇದರ ಬಗ್ಗೆ ಸ್ವಲ್ಪ ಹೆಚ್ಚು ಮಾತಾಡುತ್ತೇನೆ, ಯಾಕೆಂದರೆ ನಿಮ್ಮ ದುಡ್ಡು ಹೋಗುತ್ತಿರುವುದು ಇಲ್ಲಿ. ಗಂಡಸರ ಆರೋಗ್ಯಕ್ಕೆ ಅಂತ ಪುಡಿ, ಕ್ಯಾಪ್ಸೂಲು, ಮೇಲೆ ಟೊಮೆಟೊ ಚಿತ್ರ, ಕುಂಬಳಬೀಜದ ಚಿತ್ರ. ಒಳಗೆ ಲೈಕೊಪೀನ್, ಸೆಲೆನಿಯಂ, ವಿಟಮಿನ್ ಇ. "ನೈಸರ್ಗಿಕ, ಸೈಡ್ ಎಫೆಕ್ಟ್ ಇಲ್ಲ."

ಫಿನ್ಲೆಂಡ್ ದೇಶದಲ್ಲಿ ಸಿಗರೇಟು ಸೇದುವ 29,133 ಗಂಡಸರಿಗೆ ಶ್ವಾಸಕೋಶದ ಕ್ಯಾನ್ಸರ್ ತಡೆಯಲು ವಿಟಮಿನ್ ಇ, ಬೀಟಾ ಕ್ಯಾರೊಟಿನ್ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಬಂತು. ಶ್ವಾಸಕೋಶಕ್ಕೆ ಉಪಯೋಗವಾಗಲಿಲ್ಲ, ಬೀಟಾ ಕ್ಯಾರೊಟಿನ್ ತಗೊಂಡವರಲ್ಲಿ ಆ ಕ್ಯಾನ್ಸರ್ ಹೆಚ್ಚೇ ಆಯಿತು. ಆದರೆ ಯಾರೂ ನಿರೀಕ್ಷಿಸದೆ, ವಿಟಮಿನ್ ಇ ತಗೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಮೂರನೇ ಒಂದು ಪಾಲಿನಷ್ಟು ಕಡಿಮೆ ಇತ್ತು. ಎರಡು ವರ್ಷದ ನಂತರ, ಚರ್ಮದ ಕ್ಯಾನ್ಸರಿಗೆ ಅಂತ ಸೆಲೆನಿಯಂ ಕೊಟ್ಟ ಇನ್ನೊಂದು ಪ್ರಯೋಗದಲ್ಲೂ ಹೀಗೇ ಪಕ್ಕದ ಬಾಗಿಲಿನಿಂದ ಪ್ರಾಸ್ಟೇಟ್ ಲಾಭ ಕಂಡಿತು. ಪ್ರಪಂಚದ ಡಾಕ್ಟರುಗಳೆಲ್ಲ ಉಬ್ಬಿಹೋದರು. ನಾನೂ. ಆ ದಿನಗಳಲ್ಲಿ ನನ್ನ ಹತ್ತಿರ ಬಂದ ಎಷ್ಟೋ ಜನಕ್ಕೆ, ಕಾಲುಸೆಳೆತಕ್ಕೂ ಆಗುತ್ತೆ ವಯಸ್ಸಿಗೂ ಆಗುತ್ತೆ ಅಂತ ಆ ವಿಟಮಿನ್ ಇ ಎಣ್ಣೆಗುಳಿಗೆ ಬರೆದುಕೊಟ್ಟಿದ್ದೇನೆ. ಏನೂ ಕೆಡುಕಿಲ್ಲವಲ್ಲ, ಇರಲಿ ಅಂತ.

2001ರಲ್ಲಿ ಅದನ್ನು ನೇರವಾಗಿ ಪರೀಕ್ಷಿಸಲು ಅಮೆರಿಕ, ಕೆನಡಾ, ಪೋರ್ಟೊರಿಕೊ ಸೇರಿ ದೊಡ್ಡ ಪ್ರಯೋಗ ಶುರುವಾಯಿತು. ಸೆಲೆಕ್ಟ್ ಅಂತ ಹೆಸರು. 35,533 ಗಂಡಸರು, ನಾಲ್ಕು ಗುಂಪು: ಸೆಲೆನಿಯಂ ಒಂದೇ, ವಿಟಮಿನ್ ಇ ಒಂದೇ, ಎರಡೂ, ಎರಡೂ ಇಲ್ಲದ ಸಪ್ಪೆ ಗುಳಿಗೆ. ಯಾರಿಗೆ ಯಾವುದು ಅಂತ ಕೊಡುವವರಿಗೂ ಗೊತ್ತಿಲ್ಲ, ತಗೊಳ್ಳುವವರಿಗೂ ಗೊತ್ತಿಲ್ಲ. 2008ರಲ್ಲಿ ನಡುವೆಯೇ ನಿಲ್ಲಿಸಿದರು, ಲಾಭ ಕಾಣುವ ಲಕ್ಷಣವೇ ಇರಲಿಲ್ಲ. ಗುಳಿಗೆ ನಿಂತ ಮೇಲೂ ಜನರನ್ನು ನೋಡುತ್ತಾ ಹೋದರು. 2011ರಲ್ಲಿ ಹೊರಬಂದ ಲೆಕ್ಕ: ವಿಟಮಿನ್ ಇ ಒಂದನ್ನೇ ತಗೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚು. ತಡೆಯಲು ಕೊಟ್ಟಿದ್ದೇ ಹೆಚ್ಚಿಸಿತು. ಮೂರು ವರ್ಷದ ನಂತರ ಇನ್ನೊಂದು ಲೆಕ್ಕ: ಮೈಯಲ್ಲಿ ಸೆಲೆನಿಯಂ ಮೊದಲೇ ಸಾಕಷ್ಟಿದ್ದವರಿಗೆ ಮತ್ತೆ ಸೆಲೆನಿಯಂ ಕೊಟ್ಟಾಗ ಓಡುವ ಜಾತಿಯ ಕ್ಯಾನ್ಸರ್ ಏರಿತು.

ಆ ಸುದ್ದಿ ಓದಿದ ದಿನ ನಾನು ಬರೆದುಕೊಟ್ಟ ಚೀಟಿಗಳು ನೆನಪಾದವು. ಯಾರು, ಎಲ್ಲಿ, ಎಷ್ಟು ದಿನ ನುಂಗಿದರೋ. ಹಾಗಾಗಿ ಡಬ್ಬಿ ತೋರಿಸಿ "ಇದು ತಗೊಳ್ಳಬಹುದಾ" ಅಂತ ಕೇಳಿದರೆ ನಾನು ಯೋಚನೆಯನ್ನೇ ಮಾಡದೆ ಬೇಡ ಅನ್ನುತ್ತೇನೆ. ಹೊಲಕ್ಕೂ ಹೀಗೇ ಅಲ್ಲವೇ? ಮಣ್ಣಿನಲ್ಲಿ ಸತು ಕಡಿಮೆ ಇದ್ದರೆ ಹಾಕಿದಾಗ ಬೆಳೆ ಹಸಿರಾಗುತ್ತದೆ. ಸಾಕಷ್ಟಿದ್ದ ಮಣ್ಣಿಗೆ ಸುರಿದರೆ ಬೇರು ಸುಡುತ್ತದೆ.

ಇನ್ನು ಮಾಂಸದ ವಿಷಯ ಬೇಗ ಮುಗಿಸುತ್ತೇನೆ, ಬಾಡೂಟ ಇರುವ ಭಾನುವಾರ ಇದನ್ನು ಎಳೆಯಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಕುರಿ, ಮೇಕೆ, ದನ, ಹಂದಿಯ ಕೆಂಪು ಮಾಂಸವನ್ನು ಕ್ಯಾನ್ಸರಿಗೆ "ಬಹುಶಃ ಕಾರಣ" ಎಂಬ ಪಟ್ಟಿಗೆ ಸೇರಿಸಿತು. ಮುಖ್ಯ ಸಾಕ್ಷ್ಯ ಕರುಳಿನದ್ದು, ಪ್ರಾಸ್ಟೇಟಿಗೂ ಒಂದಿಷ್ಟು ಸುಳಿವು ಇತ್ತು. ಹಬ್ಬಕ್ಕೊಮ್ಮೆ ತಿನ್ನುವವರ ಚಿಂತೆ ನನಗಿಲ್ಲ. ಸಂಜೆಯಾದರೆ ಕಬಾಬ್ ಗಾಡಿ ಮುಂದೆ ನಿಲ್ಲುವವರದ್ದು ಇದೆ, ಅದೂ ಕ್ಯಾನ್ಸರಿಗಿಂತ ಹೆಚ್ಚಾಗಿ ಅವರ ಎದೆಯ ಬಗ್ಗೆ.

ಹಾಗಾದರೆ ಊಟದ ವಿಷಯದಲ್ಲಿ ಗಟ್ಟಿಯಾಗಿ ಹೇಳುವಂಥದ್ದು ಏನೂ ಇಲ್ಲವೇ ಅಂದರೆ, ಒಂದಿದೆ. ಟೈಲರ್ ಅಣ್ಣ, ನಿಮ್ಮ ಟೇಪು ಕೊಡಿ ಇಲ್ಲಿ. ಮುಂದೆ ಕೂತಿರುವ ನೀವು, ಹೌದು ನೀವೇ, ಎದ್ದು ಬನ್ನಿ. ಪ್ಯಾಂಟು ಎಷ್ಟು ಸೈಜು ಹಾಕುತ್ತೀರಿ?

("ಮೂವತ್ನಾಲ್ಕು.")

ಮೂವತ್ನಾಲ್ಕು ಬೆಲ್ಟು ಕಟ್ಟಿರುವ ಜಾಗದ್ದು, ಬೆಲ್ಟು ಹೊಟ್ಟೆಯ ಕೆಳಗೆ ಇಳಿದು ಎಷ್ಟು ವರ್ಷವಾಯಿತೋ. ಅಂಗಿ ಎತ್ತಿ. ಹೊಕ್ಕುಳಿನ ಮಟ್ಟಕ್ಕೆ ಟೇಪು. ಉಸಿರು ಒಳಗೆ ಎಳೆಯಬೇಡಿ, ನನಗೆ ಕಾಣುತ್ತದೆ. ಬಿಡಿ, ಬಿಡಿ. ...102 ಸೆಂಟಿಮೀಟರ್. ನಲವತ್ತು ಇಂಚು. ನಮ್ಮ ದೇಶದ ಗಂಡಸರಿಗೆ 90 ದಾಟಬಾರದು ಅಂತ ಗೆರೆ.

ಪ್ರಾಸ್ಟೇಟ್ ಕ್ಯಾನ್ಸರಿಗೂ ಊಟಕ್ಕೂ ಇರುವ ನಂಟಿನಲ್ಲಿ ಹೆಚ್ಚು ಗಟ್ಟಿಯಾಗಿ ನಿಂತಿರುವುದು ಇದು, ಮೈಯ ಕೊಬ್ಬು. ಅದೂ ನಿಧಾನದ ಜಾತಿಯ ವಿಷಯದಲ್ಲಲ್ಲ, ಓಡುವ, ಕೊಲ್ಲುವ ಜಾತಿಯ ವಿಷಯದಲ್ಲಿ. ಆ 2014ರ ವರದಿ ಟೊಮೆಟೊವನ್ನು ಕೆಳಗಿಳಿಸಿ, ಹಾಲನ್ನು ಅನುಮಾನದಲ್ಲಿ ಇಟ್ಟು, "ಬಹುಶಃ ಹೌದು" ಅನ್ನುವ ಮೇಲಿನ ಖಾನೆಗೆ ಸೇರಿಸಿದ್ದು ಮುಂದುವರಿದ ಕ್ಯಾನ್ಸರ್ ಮತ್ತು ಬೊಜ್ಜಿನ ನಂಟನ್ನು. ಯುರೋಪಿನ ಎಂಟು ದೇಶಗಳ 1.4 ಲಕ್ಷಕ್ಕೂ ಹೆಚ್ಚು ಗಂಡಸರನ್ನು ನೋಡಿ 2017ರಲ್ಲಿ ಬಂದ ಅಧ್ಯಯನದಲ್ಲಿ, ಸೊಂಟದ ಸುತ್ತಳತೆ 10 ಸೆಂಟಿಮೀಟರ್ ಏರಿದಂತೆ ಈ ಕ್ಯಾನ್ಸರಿನಿಂದ ಸಾಯುವ ಅಪಾಯ ಶೇ. 18ರಷ್ಟು ಏರಿತ್ತು. ಹಾಲಿನ ಏಳು ಎಲ್ಲಿ, ಇದೆಲ್ಲಿ. ಹೊಟ್ಟೆಯೊಳಗಿನ ಕೊಬ್ಬು ಸುಮ್ಮನೆ ಮಲಗಿರುವುದಿಲ್ಲ, ಇನ್ಸುಲಿನ್ ಏರಿಸುತ್ತದೆ, ಮೈಯಲ್ಲಿ ಸಣ್ಣ ಉರಿ ಹಚ್ಚಿ ಇಡುತ್ತದೆ, ಹಾರ್ಮೋನುಗಳ ಅಳತೆ ತಪ್ಪಿಸುತ್ತದೆ. ಇನ್ನೊಂದು ಚೇಷ್ಟೆಯೂ ಇದೆ: ದಪ್ಪ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚು, ಹಾಗಾಗಿ ಪ್ರಾಸ್ಟೇಟ್ ರಕ್ತಕ್ಕೆ ಬಿಡುವ ಒಂದು ಪ್ರೋಟೀನನ್ನು ಅಳೆಯುವ ಪಿಎಸ್‌ಎ ಪರೀಕ್ಷೆಯಲ್ಲಿ ಅಂಕಿ ತೆಳುವಾಗಿ ತೋರಿಸುತ್ತದೆ, ನೀರು ಬೆರೆಸಿದ ಹಾಲಿನ ಫ್ಯಾಟಿನ ಹಾಗೆ. ಕಾಯಿಲೆ ತಡವಾಗಿ ಸಿಗುತ್ತದೆ.

ನಿಮ್ಮ ಅಪ್ಪಂದಿರ ಕಾಲದಲ್ಲಿ ಈ ಹೊಟ್ಟೆ ಊರಿಗೆ ಒಂದೋ ಎರಡೋ ಇರುತ್ತಿತ್ತು. ಅವರೇನು ಲೈಕೊಪೀನ್ ಲೆಕ್ಕ ಹಾಕಿ ಉಣ್ಣುತ್ತಿರಲಿಲ್ಲ. ಕಪಿಲೆ ಹೊಡೆಯುತ್ತಿದ್ದರು, ಬೆರಕೆಸೊಪ್ಪು, ಹುರುಳಿಕಾಳು, ಮುದ್ದೆ ಉಣ್ಣುತ್ತಿದ್ದರು. ಈಗ ಮೋಟರು ಮೊಬೈಲಿನಲ್ಲಿ ಆನ್ ಆಗುತ್ತದೆ, ಮಂಡಿಗೆ ಗಾಡಿಯಲ್ಲಿ ಹೋಗಿ ಹರಾಜು ಆಗುವವರೆಗೆ ನಾಲ್ಕು ಟೀ, ಎರಡು ಬನ್ನು, ಒಂದು ಪಫ್ಸು. ತಟ್ಟೆಗೆ ಏನು ಸೇರಿಸಲಿ ಅಂತ ಎಲ್ಲರೂ ಕೇಳುತ್ತೀರಿ. ಏನು ತೆಗೆಯಲಿ ಅಂತ ಇಷ್ಟು ವರ್ಷದಲ್ಲಿ ನನ್ನನ್ನು ಒಬ್ಬರೂ ಕೇಳಿಲ್ಲ.

("ನಮ್ಮ ತಂದೆಗೆ ಈ ಕಾಯಿಲೆ ಇತ್ತು ಸಾರ್. ನಂಗೀಗ ನಲವತ್ತಾರು. ಊಟ ಸರಿ ಮಾಡ್ಕೊಂಡ್ರೆ ಸಾಕಾ?")

ಸಾಲದು. ಅಪ್ಪ ಅಥವಾ ಅಣ್ಣತಮ್ಮಂದಿರಲ್ಲಿ ಇದ್ದರೆ ನಿಮಗೆ ಬರುವ ಸಾಧ್ಯತೆ ಸುಮಾರು ಎರಡರಷ್ಟು. ಅದನ್ನು ಯಾವ ಸೊಪ್ಪೂ ಅಳಿಸುವುದಿಲ್ಲ. ನಲವತ್ತೈದರ ಸುಮಾರಿಗೆ ಡಾಕ್ಟರನ್ನು ಕಂಡು ಪಿಎಸ್‌ಎ ಬಗ್ಗೆ ಮಾತಾಡಬೇಕಿತ್ತು, ಒಂದು ವರ್ಷ ತಡ, ಪರವಾಗಿಲ್ಲ. ಉಳಿದವರು ಐವತ್ತಕ್ಕೆ. ಅಂಕಿ ಹೆಚ್ಚು ಬಂದರೆ ಎದೆ ಒಡೆದುಕೊಳ್ಳಬೇಡಿ, ಬರೀ ಊತಕ್ಕೂ ಸೋಂಕಿಗೂ ಅದು ಏರುತ್ತದೆ. ಕ್ಯಾನ್ಸರ್ ಅಂತಲೇ ಆದರೂ ನಿಧಾನದ ಜಾತಿಯಾದರೆ ಕತ್ತರಿ ಹಾಕದೆ ನೋಡುತ್ತಾ ಇರುವುದೇ ಎಷ್ಟೋ ಸಲ ಸರಿಯಾದ ಚಿಕಿತ್ಸೆ.

ಮಾತು ಅಲ್ಲಿಗೆ ಮುಗಿದಿತ್ತು. ಕಾಪಿ ಬಂತು, ಡೈರಿಯದೇ ಹಾಲು, ಗಟ್ಟಿಯಾಗಿತ್ತು. ಸ್ಕೂಟರಿನ ಹತ್ತಿರ ಬಂದಾಗ, ಅಷ್ಟು ಹೊತ್ತೂ ಗೋಡೆಗೆ ಒರಗಿ ಖಾಲಿ ಕ್ಯಾನಿನ ಮೇಲೆ ಕೂತಿದ್ದ ತಾತ ಒಬ್ಬರು ಹಿಂದೆಯೇ ಬಂದರು. ಸುತ್ತ ನೋಡಿ, ದನಿ ತಗ್ಗಿಸಿ, "ಇನ್ನೊಂದು ವಿಷಯ ಸಾಮಿ" ಅಂದರು. ರಾತ್ರಿ ಐದಾರು ಸಲ ಏಳಬೇಕಂತೆ, ಎದ್ದರೂ ಸರಿಯಾಗಿ ಬರುವುದಿಲ್ಲವಂತೆ, ಎರಡು ವರ್ಷದಿಂದ. ಇಷ್ಟು ದಿನ ಏನು ಮಾಡಿದಿರಿ ಅಂದೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಹಸಿ ಟೊಮೆಟೊ ಹಿಂಡಿ ಕುಡಿಯುತ್ತಿದ್ದರಂತೆ, ಮೊಮ್ಮಗ ಫೋನಿನಲ್ಲಿ ತೋರಿಸಿದ್ದನಂತೆ.

ಸೋಮವಾರ ಬನ್ನಿ, ಪರೀಕ್ಷೆ ಮಾಡಿ ನೋಡೋಣ, ರಕ್ತವನ್ನೂ ಕೊಡಬೇಕಾಗುತ್ತದೆ ಅಂದೆ.

"ಹಂಗಾರೆ ಉಪಾಸ ಬರ್ಬೇಕಾ?"

"ಈ ರಕ್ತಕ್ಕೆ ಉಪವಾಸ ಬೇಡ ತಾತ, ಮುದ್ದೆ ಉಂಡುಕೊಂಡೇ ಬನ್ನಿ. ಸೈಕಲ್ ಮಾತ್ರ ಬೇಡ, ಇವತ್ತಿನಿಂದಲೇ ಬಿಡಿ. ಅದಕ್ಕೂ ಅಂಕಿ ಏರಬಹುದು."

"ಬಸ್ಸಲ್ಲೇ ಬತ್ತೀನಿ ಬಿಡಿ," ಅಂದರು. ಕ್ಯಾನು ಎತ್ತಿಕೊಂಡು, ಗೋಡೆಗೆ ಒರಗಿಸಿದ್ದ ಸೈಕಲ್ಲನ್ನು ತಳ್ಳಿಕೊಂಡು ಮನೆ ಕಡೆ ನಡೆದರು.